ಹಸಿರು ಚುಕ್ಕಿ ಹೊತ್ತಿಕೊಂಡಿತ್ತು

ಚಿನಕುರಳಿಯ ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ಫೋಟೋ ಇದೆ. ನಾನೇ ತೆಗೆದದ್ದು. ಹತ್ತಿರ ಹೋಗಿ ನೋಡಿದರೆ ಕಿವಿಯ ಪಕ್ಕದ ನರೆಗೂದಲು ಎಣಿಸಬಹುದು, ಕಣ್ಣು ಮಾತ್ರ ಮಸುಕು. ಅವತ್ತು ಜಗುಲಿಯ ಮೇಲೆ ಕೂರಿಸಿ ಏಳೆಂಟು ಸಲ ತೆಗೆದೆ, ಎಲ್ಲವೂ ಹೀಗೇ. "ಅಲ್ಲಾಡದೆ ಕೂತ್ಕೊಳ್ಳೋಕೆ ಆಗಲ್ವಾ?" ಎಂದು ಗದರಿದೆ. ಅಲ್ಲಾಡಲಿಲ್ಲವಲ್ಲೋ ಅಂದರು. ನಾನು ನಂಬಲಿಲ್ಲ. ಫೋಕಸ್ ಬಿಂದುವನ್ನು ಕಣ್ಣಿನ ಮೇಲೇ ಇಟ್ಟಿದ್ದೆ, ಕ್ಯಾಮೆರಾ ಬೀಪ್ ಎಂದಿತ್ತು, ಹಸಿರು ಚುಕ್ಕಿ ಹೊತ್ತಿಕೊಂಡಿತ್ತು.

ರಂಗನತಿಟ್ಟಿನಲ್ಲೂ ಕೊಕ್ಕರೆಯ ಕೊಕ್ಕು ಮಸುಕಾಗಿ ಹಿಂದಿನ ಕೊಂಬೆ ಸ್ಪಷ್ಟವಾಗಿ ಬರುತ್ತಿತ್ತು. ಆಗ ತಪ್ಪನ್ನು ದೋಣಿಯ ಮೇಲೆ ಹಾಕಿದ್ದೆ.

ಅಪ್ಪ ಹೋದ ಮರುವರ್ಷ ಗೆಳೆಯರೊಬ್ಬರು ಲೆನ್ಸ್ ಪರೀಕ್ಷಿಸಲು ಹೇಳಿದರು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅಪರ್ಚರ್ ಪೂರ್ತಿ ತೆರೆದು, ಒಂದು ರಟ್ಟಿನ ಗುರುತಿಗೆ ಫೋಕಸ್ ಮಾಡುವುದು. ಅದರ ಪಕ್ಕ 45 ಡಿಗ್ರಿ ಓರೆಯಾಗಿ ಒಂದು ಸ್ಕೇಲು. ಸ್ಕೇಲಿನ ಯಾವ ಗೆರೆ ಸ್ಪಷ್ಟವೋ ಫೋಕಸ್ ಬಿದ್ದದ್ದು ಅಲ್ಲಿ. ನನ್ನದು ಪ್ರತಿ ಸಲವೂ ಗುರುತಿನ ಹಿಂದೆಯೇ ಬಿತ್ತು.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಕನ್ನಡಿಯ ಮೂಲಕ ಬೆಳಕು ಎರಡು ದಾರಿಯಲ್ಲಿ ಹೋಗುತ್ತದೆ. ಆ ದಾರಿಗಳ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಾಕು, ಅಳೆಯುವ ಸೆನ್ಸರ್ 'ಸರಿ' ಅನ್ನುತ್ತದೆ, ಚಿತ್ರ ಮಸುಕಾಗಿ ಬರುತ್ತದೆ. ಹಸಿರು ಚುಕ್ಕಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕಂಡದ್ದನ್ನೇ ಹೇಳಿತ್ತು.

ಅಂಗುತ್ತರ ನಿಕಾಯದಲ್ಲಿ ಭಗವಾನರು ವಿಪಲ್ಲಾಸದ ಬಗ್ಗೆ ಹೇಳುತ್ತಾರೆ. ಅನಿತ್ಯವನ್ನು ನಿತ್ಯವೆಂದು, ದುಃಖವನ್ನು ಸುಖವೆಂದು ಕಾಣುವುದು. ಅದು ಸಂಜ್ಞೆಯಲ್ಲಿ, ಚಿತ್ತದಲ್ಲಿ, ದೃಷ್ಟಿಯಲ್ಲಿ, ಹೀಗೆ ಮೂರು ಕಡೆ ನಡೆಯುತ್ತದೆ. ಏನೂ ಕಾಣದಿರುವುದು ಬೇರೆ. ಇದು ಕಂಡದ್ದೆಲ್ಲ ಒಂದೇ ಕಡೆಗೆ ವಾಲುವುದು. ವಾಲಿದವನಿಗೆ ಮಾತ್ರ ಎಲ್ಲವೂ ನೆಟ್ಟಗೇ ಕಾಣುತ್ತದೆ.

ಹಾಗಾದರೆ ಅಪ್ಪನನ್ನು ಗದರಿದ್ದು ನನ್ನ ತಪ್ಪೇ? ನಮ್ಮ ವೃತ್ತದಲ್ಲಿ ಈ ಪ್ರಶ್ನೆ ಇಟ್ಟಾಗ ಹಿರಿಯರೊಬ್ಬರು, ಚೇತನೆಯೇ ಕಮ್ಮ, ನಿನಗೆ ಕೆಡುಕಿನ ಉದ್ದೇಶವಿರಲಿಲ್ಲ, ಬಿಟ್ಟುಬಿಡು ಎಂದರು. ಪ್ರೀತಿಯಿಂದ ಹೇಳಿದ್ದು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಅಪ್ಪ ನಿಜಕ್ಕೂ ಅಲ್ಲಾಡಿದ್ದರೆ ಒಂದು ಚಿತ್ರದಲ್ಲಿ ಮೂಗು, ಇನ್ನೊಂದರಲ್ಲಿ ಕಿವಿ, ಅಪ್ಪಿತಪ್ಪಿ ಒಂದರಲ್ಲಾದರೂ ಕಣ್ಣು ಸ್ಪಷ್ಟವಾಗಬೇಕಿತ್ತು. ಏಳೆಂಟರಲ್ಲೂ ಕಿವಿಯೇ! ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಲೆನ್ಸಿನ ದೋಷ ನನಗೆ ಗೊತ್ತಿರದಿದ್ದದ್ದು ತಪ್ಪಲ್ಲ. ಒಂದೇ ಥರದ ತಪ್ಪು ಮತ್ತೆ ಮತ್ತೆ ಬಂದಾಗಲೂ ನನ್ನ ಕಡೆ ತಿರುಗಿ ನೋಡದೆ ಎದುರಿಗಿದ್ದವರನ್ನೇ ನೋಡಿದೆನಲ್ಲ, ಅದನ್ನು ಅಜ್ಞಾನ ಅಂತ ಹೇಗೆ ಬಿಡಲಿ? ಅಲ್ಲಿ ಕೋಪವಿತ್ತು, ಸ್ವಲ್ಪ ಮಾನವೂ ಇತ್ತು.

ಕ್ಯಾಮೆರಾದ ಮೆನುವಿನಲ್ಲಿ ಫೋಕಸ್ ತಿದ್ದುಪಡಿಗೆ ಮೈನಸ್ 20ರಿಂದ ಪ್ಲಸ್ 20ರವರೆಗೆ ಅಂಕಿಗಳಿವೆ. ನನ್ನ ಲೆನ್ಸಿಗೆ ಈಗ ಮೈನಸ್ 8. ಬಿಡಿಬಿಡಿಯಾಗಿ ಅತ್ತಿತ್ತ ತಪ್ಪುವ ಲೆನ್ಸಿಗೆ ಇದು ಕೆಲಸ ಮಾಡುವುದಿಲ್ಲ, ಒಂದೇ ಕಡೆ ತಪ್ಪುವ ಲೆನ್ಸನ್ನು ಮಾತ್ರ ತಿದ್ದಬಹುದು. ಅದೂ ಮುಂದೆ ತೆಗೆಯುವ ಚಿತ್ರಗಳಿಗೆ.

ಗೋಡೆಯ ಫೋಟೋ ಹಾಗೇ ಇದೆ. ಅದನ್ನು ಒರೆಸುವಾಗ ಅಮ್ಮ ಒಮ್ಮೆ ಅಂದಳು: "ಅವತ್ತು ನೀನು ಬೈತೀಯ ಅಂತ ಉಸಿರು ಬಿಗಿ ಹಿಡ್ಕೊಂಡು ಕೂತಿದ್ರು ಕಣೋ."