ಅಡುಗೆಮನೆಯ ನೆಲ

ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೆಯ ಮನೆ ಕೊಂಡಳು. 1890ರ ಸುಮಾರಿನದು, ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಕೆಂಪಿಟ್ಟಿಗೆಯ ಮನೆಗಳಲ್ಲಿ ಒಂದು. ಕಳೆದ ಚಳಿಗಾಲ ನಾನು ಹೋಗಿ ಇಳಿದ ವಾರವೇ ಅಳಿಯಂದಿರು ಮುಂದಿನ ಕೋಣೆಯ ನೆಲದ ಹಲಗೆಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು. "ಅತ್ತೆ, ತೊಲೆಯ ಮೇಲೇ ಕಾಲಿಡಿ" ಎಂದು ಎಚ್ಚರಿಸಿದರು. ಹಲಗೆಯ ಕೆಳಗೆ ಎರಡಡಿ ಟೊಳ್ಳು, ಅದರಲ್ಲಿ ಸುಳಿಯುವ ಥಂಡಿ ಗಾಳಿ. ಇಷ್ಟು ವರ್ಷ ಈ ಗಾಳಿಯ ಮೇಲೇ ಚಾಪೆ ಹಾಸಿ ಕೂತಿದ್ದರಲ್ಲ!

2022ರಲ್ಲಿ ಅಲ್ಲಿ ಗ್ಯಾಸಿನ ಬೆಲೆ ವಿಪರೀತ ಏರಿದ ಮೇಲೆ ಇವರಿಗೆ ಈ ಯೋಚನೆ ಬಂದದ್ದಂತೆ. ತೊಲೆಗಳ ನಡುವೆ ಬಲೆ ಕಟ್ಟಿ, ಅದರೊಳಗೆ ಹತ್ತಿಯಂಥ ಖನಿಜ ಉಣ್ಣೆ ತುಂಬಿ, ಮೇಲೆ ಬಿಸಿನೀರಿನ ಕೊಳವೆ ಸುತ್ತಿಸಿ, ಮತ್ತೆ ಹಲಗೆ ಮುಚ್ಚುವುದು. ಗೋಡೆಯ ರೇಡಿಯೇಟರಿಗೆ 60-70 ಡಿಗ್ರಿಯ ನೀರು ಬೇಕಾದರೆ ನೆಲಕ್ಕೆ 40ರ ಆಸುಪಾಸು ಸಾಕು. ಆದರೆ ಉಣ್ಣೆ ತುಂಬದೆ ಬರೀ ಕೊಳವೆ ಹಾಕಿದರೆ ಕೆಳಗಿನ ಮಣ್ಣು ಬೆಚ್ಚಗಾಗುತ್ತದೆ, ನಾವಲ್ಲ.

ತೊಲೆಗಳಲ್ಲಿ ಎರಡರ ತುದಿ ಬೆರಳಿಟ್ಟರೆ ಪುಡಿಯಾಗುವಂತೆ ಕೊಳೆತಿತ್ತು. ಹೊರಗೋಡೆಯ ಬುಡದಲ್ಲಿ ಗಾಳಿಯಾಡಲೆಂದೇ ಇಟ್ಟ ತೂತಿನ ಇಟ್ಟಿಗೆಯೊಂದಕ್ಕೆ ಯಾರೋ ಹಿಂದೆ ಬಟ್ಟೆ ತುರುಕಿ ಸಿಮೆಂಟು ಮೆತ್ತಿದ್ದರು. ಪಸೆ ಹೊರಹೋಗಲು ದಾರಿಯಿಲ್ಲದೆ ಮರ ಕೊಳೆತಿದೆ. ಅಳಿಯಂದಿರು ಬೈದರು. ನನಗೇಕೋ ಬೈಯುವ ಮನಸ್ಸಾಗಲಿಲ್ಲ. ಮಗು ಮಲಗುವ ಕೋಣೆಗೆ ಗಾಳಿ ಬರುತ್ತದೆಂದು ಯಾವ ತಾಯಿ ಮಾಡಿದ ಕೆಲಸವೋ. ಅವಳ ಚಳಿ ನಿಜ, ಇವರ ನಷ್ಟವೂ ನಿಜ. ತಿಳಿಯದೆ ಮಾಡಿದ್ದಕ್ಕೆ ಅವಳನ್ನು ಎಷ್ಟು ಹೊಣೆ ಮಾಡೋಣ ಹೇಳಿ? ಇವತ್ತು ತಿಳಿದವರೆಂದುಕೊಂಡು ನಾವು ಮುಚ್ಚುತ್ತಿರುವುದರ ಲೆಕ್ಕ ಯಾರ ತಲೆಗೆ ಬರುತ್ತದೋ.

ಆ ರಾತ್ರಿ ಗಂಡಹೆಂಡಿರು ಖರ್ಚಿನ ಪಟ್ಟಿ ಹಿಡಿದು ಕೂತರು. ಹಿಂದಿನ ಅಡುಗೆಮನೆಯದು ಹಲಗೆಯಲ್ಲ, ಮಣ್ಣಿನ ಮೇಲೇ ಹಾಕಿದ ಕಾಂಕ್ರೀಟು. ಅದನ್ನು ಒಡೆದು, ಅಗೆದು, ಪಸೆ ತಡೆಯುವ ಹಾಳೆ ಹಾಸಿ, ಮೇಲೆ ಗಟ್ಟಿ ಹಲಗೆ, ಕೊಳವೆ, ಗಾರೆ. ಗಾರೆಯಂತೂ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಒಣಗುತ್ತದಂತೆ, ತಿಂಗಳುಗಟ್ಟಲೆ ಕಾಯಬೇಕು. "ಅಡುಗೆಮನೆ ಬಿಡೋಣ. ಹೇಗೂ ಒಲೆ ಉರೀತಿರುತ್ತೆ, ಅಲ್ಲಿ ಯಾರು ಕೂರ್ತಾರೆ?" ಎಂದಳು ಮಗಳು, ಅಳಿಯನಲ್ಲ!

ಕೂರುವುದಿಲ್ಲ, ನಿಜ. ನಿಲ್ಲುತ್ತೇವೆ.

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಪುಷ್ಯಮಾಸದ ಬೆಳಗಿನ ಜಾವ ಸಿಮೆಂಟು ನೆಲದ ಮೇಲೆ ನಿಂತು ದೋಸೆ ಹೊಯ್ಯುತ್ತಿದ್ದಳು. ಕಾಲಗಂಟು ಊದಿದ ವರ್ಷ ಒಲೆಕಟ್ಟೆಯ ಮುಂದೆ ಗೋಣಿಚೀಲ ಮಡಚಿ ಹಾಕಿಕೊಂಡಳು. ನಾನು ಅದನ್ನು ಎರಡು ಸಲ ಎತ್ತಿ ಎಸೆದೆ. ಗಲೀಜು, ಎಡವಿ ಬೀಳುತ್ತಾಳೆ, ಬಂದವರೆದುರು ಮರ್ಯಾದೆಯಲ್ಲ ಎಂದೆಲ್ಲ ಕಾರಣ ಕೊಟ್ಟೆ. ಮೂರನೆಯ ಸಲ ಅವಳು ಹಾಕಿಕೊಳ್ಳಲಿಲ್ಲ. ಜಗಲಿಗೆ ಮಾತ್ರ ಅದೇ ವರ್ಷ ಹೊಸ ಜಮಖಾನೆ ತಂದೆವು, ಬಂದವರು ಕೂರುವ ಜಾಗವಲ್ಲವೇ. ಅಮ್ಮ ಏನೂ ಅನ್ನಲಿಲ್ಲ. ಅನ್ನದಿದ್ದುದನ್ನೇ ಒಪ್ಪಿಗೆ ಎಂದುಕೊಂಡೆ.

ಮಗಳಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. "ಮುಂದಿನ ಕೋಣೆಗೆ ಈಗ ಉಣ್ಣೆ ತುಂಬಿ ಹಲಗೆ ಮುಚ್ಚಿ, ಆ ಮುಚ್ಚಿದ ಇಟ್ಟಿಗೆಯ ತೂತು ಬಿಡಿಸಿ. ಕೊಳವೆಯ ದುಡ್ಡು ಅಡುಗೆಮನೆಗೆ ಹಾಕಿ" ಎಂದೆ ಅಷ್ಟೆ. "ಅಮ್ಮಾ, ನೀನು ಮಾರ್ಚಿಗೆ ಹೊರಟುಬಿಡ್ತೀಯ, ಅಷ್ಟರಲ್ಲಿ ಗಾರೆ ಒಣಗೋದೇ ಇಲ್ಲ" ಎಂದಳು.

"ನನಗಲ್ಲ ಕಣೇ" ಎಂದೆ. ಅಳಿಯಂದಿರು ಪೆನ್ನು ತೆಗೆದುಕೊಂಡು ಪಟ್ಟಿಯನ್ನು ಮತ್ತೆ ಮೊದಲಿನಿಂದ ಬರೆಯತೊಡಗಿದರು.