ಗುರುವು ಕಂಡ ಬಾಗಿಲು



ಕಿವಿಯಲ್ಲಿ ಮಂತ್ರವನ್ನೂ ಕರದಲ್ಲಿ ಇಷ್ಟಲಿಂಗವನ್ನೂ ಕರುಣಿಸುವವನು ಗುರುವೆಂಬುದು ನಾವೆಲ್ಲರೂ ಬಲ್ಲ ಮಾತು. ಕರುಣಿಸುವುದಕ್ಕೆ ಮುನ್ನ ಗುರುವು ಮಾಡುವ ಕಾರ್ಯ ಮತ್ತೊಂದುಂಟು. ಶಿಷ್ಯನಲ್ಲಿ ಲೋಕವು ಕಾಣದುದನ್ನು ಆತನು ಕಾಣುತ್ತಾನೆ. ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಮಹಾಸ್ವಾಮಿಗಳ ಚರಿತ್ರೆಯಲ್ಲಿ ಇದಕ್ಕೆ ಉಜ್ಜ್ವಲವಾದ ನಿದರ್ಶನವಿದೆ.

1867ರಲ್ಲಿ ಜನಿಸಿದ ಪೂಜ್ಯರು 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ, 1930ರಲ್ಲಿ ಲಿಂಗೈಕ್ಯರಾದರು. ಮಂದಿರದಲ್ಲಿ ವಟುಗಳಿಗೆ ಶಾಸ್ತ್ರಾಧ್ಯಯನ, ಯೋಗಸಾಧನೆ, ಗೋಸೇವೆಗಳ ಶಿಕ್ಷಣವನ್ನು ಏರ್ಪಡಿಸಿದುದು ಸರ್ವವಿದಿತ. ಇಂದು ನಾವು ಚಿಂತಿಸಬೇಕಾದುದು ಪೂಜ್ಯರು ಕೈಹಿಡಿದ ಒಬ್ಬ ಬಾಲಕನ ವಿಷಯವನ್ನು.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನು ಹುಟ್ಟಿನಿಂದಲೇ ಅಂಧನು. ಅಂಥ ಶಿಶುವನ್ನು ಕಂಡಾಗ ಲೋಕವು ಏನೆನ್ನುತ್ತದೆ? ಪೂರ್ವಜನ್ಮದ ಪಾಪವೆನ್ನುತ್ತದೆ, ಮನೆಗೆ ಭಾರವೆನ್ನುತ್ತದೆ. ಬಹಳವಾದರೆ ಅಯ್ಯೋ ಎಂದು ಮರುಗುತ್ತದೆ. ಪೂಜ್ಯರಾದರೋ ಆ ಬಾಲಕನ ಕಂಠಮಾಧುರ್ಯವನ್ನು ಗುರುತಿಸಿದರು. ಅವನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಕರ್ನಾಟಕ ಸಂಗೀತದೊಡನೆ, ಮಿರಜದ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಸಂಗೀತವೂ ಅವನಿಗೆ ದೊರಕಿತು. ಆ ಗದಿಗೆಯ್ಯನೇ ಉಭಯಗಾನವಿಶಾರದ ಪಂಚಾಕ್ಷರಿ ಗವಾಯಿಗಳು.

ಇದನ್ನು ಕೇವಲ ದಯೆಯೆಂದರೆ ಸಾಲದು. ಇದು ಷಟ್‌ಸ್ಥಲಸಿದ್ಧಾಂತದ ಆಚರಣೆ. ಕರಸ್ಥಲದ ಲಿಂಗವು ಆರು ಲಿಂಗಗಳಾಗಿ ಅಂಗದಲ್ಲಿ ನೆಲೆಸಿದೆಯೆಂದು ನಮ್ಮ ಆಚಾರ್ಯರೂ ಶರಣರೂ ಬೋಧಿಸಿದ್ದಾರೆ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಕಣ್ಣು ರೂಪವನ್ನು ಅರ್ಪಿಸಿದರೆ ಕಿವಿಯು ಶಬ್ದವನ್ನು ಅರ್ಪಿಸುತ್ತದೆ. ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಲಿಂಗವು ಆ ಅಂಗವನ್ನು ತೊರೆಯುವುದೇ? ಮುಚ್ಚಿದ ಬಾಗಿಲ ಮುಂದೆ ಲೋಕವು ಅಳುತ್ತಿದ್ದಾಗ, ತೆರೆದ ಬಾಗಿಲನ್ನು ಕಂಡವರು ಪೂಜ್ಯರು. ಗದಿಗೆಯ್ಯನ ನಾದವೇ ಅವನ ಅರ್ಪಣವಾಯಿತು, ಅದನ್ನು ಹಂಚಿದುದೇ ದಾಸೋಹವಾಯಿತು.

ಹಂಚಿದ ಬಗೆಯನ್ನು ನೋಡಿರಿ. ಗವಾಯಿಗಳು ಊರೂರು ಸಂಚರಿಸುತ್ತ ಶಿಷ್ಯರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಆ ಸಂಚಾರಿ ಗಾನಶಾಲೆಯು ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಬಸವರಾಜ ರಾಜಗುರುಗಳಂತಹ ಗಾಯಕರು ಅವರ ಬಳಿಯಲ್ಲಿ ಕಲಿತವರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆಶ್ರಮದ ಹೊಣೆಯನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. 2010ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಅಂಧರಿಗೂ ಅನಾಥರಿಗೂ ಆಸರೆಯಾಗಿದ್ದರು. ಒಬ್ಬ ಗುರುವಿನ ಒಂದು ನೋಟವು ಎಷ್ಟು ಮನೆಗಳ ದೀಪವಾಯಿತು!

ಬಂಧುಗಳೇ, ನಮ್ಮ ಮನೆಗಳಲ್ಲಿ, ನೆರೆಹೊರೆಗಳಲ್ಲಿ ಕಣ್ಣಿಲ್ಲದ, ಕಾಲಿಲ್ಲದ, ಮಾತು ಬಾರದ ಮಕ್ಕಳಿದ್ದಾರೆ. ಬಂದವರೆದುರು ಅವರನ್ನು ಒಳಕೋಣೆಯಲ್ಲಿ ಕೂಡಿಸಿ, ಜಗುಲಿಯಲ್ಲಿ ಲಿಂಗಪೂಜೆಗೆ ಕುಳಿತರೆ ಆ ಪೂಜೆಯು ಯಾರಿಗೆ ಸಲ್ಲುವುದು? ಆ ಮಗುವಿನ ಅಂಗದಲ್ಲಿಯೂ ಲಿಂಗವಿದೆಯಲ್ಲವೆ? ಇಲ್ಲದುದನ್ನು ಎಣಿಸುವುದನ್ನು ಬಿಟ್ಟು ಇರುವುದನ್ನು ಹುಡುಕೋಣ; ಅದು ಬೆಳೆಯಲು ಬೇಕಾದ ವಿದ್ಯೆಯನ್ನೂ ವೆಚ್ಚವನ್ನೂ ಒದಗಿಸೋಣ. ಪೂಜ್ಯರ ಭಾವಚಿತ್ರಕ್ಕೆ ಏರಿಸುವ ಹೂವಿಗಿಂತ ಈ ಸೇವೆಯೇ ಅವರಿಗೆ ಪ್ರಿಯವಾದುದು.