ಬೀಗದಕೈ ಒಬ್ಬನದು, ಪಾಲು ಎಷ್ಟು ಜನರದು?

ಕಳೆದ ಮಳೆಗಾಲದ ಒಂದು ಸಂಜೆ ಗಂಗೊಳ್ಳಿಯ ಯುವಕನೊಬ್ಬ ಕುಂದಾಪುರದ ನಮ್ಮ ಮನೆಗೆ ಬಂದ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಎರಡು ವಸ್ತುಗಳನ್ನು ತಂದಿದ್ದ. ಒಂದು, ತೀರಿಹೋದ ತಂದೆಯ ಹೆಸರಿನ ಕಾರ್ಪೊರೇಷನ್ ಬ್ಯಾಂಕಿನ ಪಾಸ್‌ಬುಕ್. ಇನ್ನೊಂದು, ಅಣ್ಣನ ಲ್ಯಾಪ್‌ಟಾಪ್. ದುಬೈಯಲ್ಲಿ ದುಡಿಯುತ್ತಿದ್ದ ಆ ಅಣ್ಣ ಮದುವೆಗೆ ಮುಂಚೆಯೇ, 2021ರಲ್ಲಿ ತೀರಿಕೊಂಡಿದ್ದ.

"ಚಾಚಾ, ಎರಡರಲ್ಲೂ ಸ್ವಲ್ಪ ದುಡ್ಡಿದೆ. ತೆಗೆಯುವುದು ಹೇಗೆ?" ಎಂದು ಕೇಳಿದ.

ಪಾಸ್‌ಬುಕ್ಕಿನ ದಾರಿ ನಮಗೆ ಗೊತ್ತಿತ್ತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಆರಂಭಿಸಿದ ಬ್ಯಾಂಕು ಅದು. ಮೊದಲ ದಿನ ಅಲ್ಲಿ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. 1923ರಲ್ಲಿ ಅದು ನಮ್ಮ ಕುಂದಾಪುರದಲ್ಲೂ ಶಾಖೆ ತೆರೆಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿದರೂ ಲೆಕ್ಕ ಅಳಿದಿಲ್ಲ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೂ ವಾರಸುದಾರರ ಹಕ್ಕು ಸಾಯುವುದಿಲ್ಲ. ಇಂತಹ ಹಣವನ್ನು ಹುಡುಕಲೆಂದೇ 2023ರಿಂದ 'ಉದ್ಗಮ್' ಎಂಬ ಜಾಲತಾಣವಿದೆ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಎಲ್ಲರ ಸಹಿ ತೆಗೆದುಕೊಂಡು ಬ್ಯಾಂಕಿಗೆ ಹೋಗು ಎಂದೆವು.

ಲ್ಯಾಪ್‌ಟಾಪಿನ ಕತೆ ಬೇರೆ. ಅಣ್ಣ 2013ರಲ್ಲಿ ಸ್ವಲ್ಪ ಬಿಟ್‌ಕಾಯಿನ್ ಕೊಂಡಿದ್ದ. ಆಗ ಅದನ್ನು ಗಂಭೀರವಾಗಿ ತೆಗೆದುಕೊಂಡವರೇ ಕಡಿಮೆ. ಆ ನಾಣ್ಯ ಲ್ಯಾಪ್‌ಟಾಪಿನೊಳಗೆ ಇರುವುದಿಲ್ಲ. ಲೋಕವೆಲ್ಲ ನೋಡಬಹುದಾದ ಒಂದು ಲೆಕ್ಕದ ಪುಸ್ತಕದಲ್ಲಿ ಅದು ನಮೂದಾಗಿರುತ್ತದೆ. 'ವಾಲೆಟ್' ಎಂಬ ಕಡತದಲ್ಲಿ ಇರುವುದು ಅದರ ಬೀಗದಕೈ ಮಾತ್ರ. ಹಳೆಯ ಕಾಲದ ಆ ಕಡತವನ್ನು ಇಂದಿನ ತಂತ್ರಾಂಶ ನೇರವಾಗಿ ಬಳಸುವುದಿಲ್ಲ, ಮೊದಲು ಹೊಸ ರೂಪಕ್ಕೆ ಪರಿವರ್ತಿಸಬೇಕು. ಗುಪ್ತಪದ ಅಣ್ಣನ ಡೈರಿಯಲ್ಲಿತ್ತು. ಬ್ರಹ್ಮಾವರದಲ್ಲಿ ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬ ಕಡತದ ಪ್ರತಿ ತೆಗೆದಿಟ್ಟು, ಅದನ್ನು ತೆರೆದುಕೊಡಲು ಒಪ್ಪಿದ್ದ. ನಮಗೆ ತಿಳಿದಿದ್ದ ಒಂದೇ ಎಚ್ಚರಿಕೆ ಹೇಳಿದೆವು: ಮುಳುಗಿದ ಹಣ ತೆಗೆದುಕೊಡುತ್ತೇವೆ ಎಂದು ಫೋನಿನಲ್ಲಿ ಬರುವ ಅಪರಿಚಿತರಿಗೆ ಗುಪ್ತಪದವನ್ನಾಗಲಿ ಮುಂಗಡವನ್ನಾಗಲಿ ಕೊಡಬೇಡ.

ಹೊರಡಲು ಎದ್ದವನು ಮತ್ತೆ ಕುಳಿತ. "ಈ ವಾಲೆಟ್ಟಿನ ವಿಷಯ ಅಮ್ಮಿಗೂ ಗೊತ್ತಿಲ್ಲ, ಬೈಂದೂರಿನಲ್ಲಿರುವ ಆಪಾಗೂ ಗೊತ್ತಿಲ್ಲ. ಹೇಳಲೇಬೇಕಾ ಚಾಚಾ?"

ಅವನು ಬಂದದ್ದು ಈ ಪ್ರಶ್ನೆಗಾಗಿಯೇ ಎಂದು ಆಗ ನಮಗೆ ಅರಿವಾಯಿತು.

ಅವನನ್ನು ದುರಾಸೆಯವನೆನ್ನಲು ನಮಗೆ ಮನಸ್ಸು ಬರಲಿಲ್ಲ. ಅವನ ತಲೆಯ ಮೇಲೆ ಮನೆ ಕಟ್ಟಿದ ಸಾಲವಿದೆ. ಅಮ್ಮಿಯ ಔಷಧಿಯ ಖರ್ಚನ್ನು ನೋಡಿಕೊಳ್ಳುವವನೂ ಅವನೇ. ಅವನ ವಾದಗಳೂ ಇದ್ದವು. ತಾನು ಹುಡುಕದಿದ್ದರೆ ಆ ಹಣ ಇಲ್ಲವೇ ಇಲ್ಲ. ಅಲ್ಲದೆ, ಇಂತಹ ನಾಣ್ಯ ಧರ್ಮಸಮ್ಮತವೇ ಎಂಬುದರಲ್ಲೇ ಭಿನ್ನಾಭಿಪ್ರಾಯವಿರುವಾಗ ಅದರಲ್ಲಿ ಪಾಲಿನ ಮಾತೇಕೆ?

ಮೊದಲನೆಯ ವಾದ ನೋಡೋಣ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ಎತ್ತಿದವನಿಗೆ ನಾವು ಕೂಲಿ ಕೊಡುತ್ತೇವೆ, ಕೊಡವನ್ನೇ ಕೊಡುವುದಿಲ್ಲ. ಅವನು ಶ್ರಮಕ್ಕೆ ಪ್ರತಿಫಲ ಪಡೆಯಲಿ, ಖರ್ಚು ಕಳೆದುಕೊಳ್ಳಲಿ. ಆದರೆ ಅದನ್ನು ಉಳಿದವರಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ಮಾಡಲಿ.

ಎರಡನೆಯ ವಾದಕ್ಕೆ ಆಧಾರವಿಲ್ಲವೆಂದಲ್ಲ. ಈಜಿಪ್ಟಿನ ದಾರುಲ್ ಇಫ್ತಾ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧವೆಂದಿತು. ಅನುಮತಿಸುವ ವಿದ್ವಾಂಸರೂ ಇದ್ದಾರೆ. ನಮ್ಮ ಮದರಾಸು ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಕ್ರಿಪ್ಟೊ ಒಂದು ಸ್ವತ್ತು ಎಂದು ಹೇಳಿತು. ಚರ್ಚೆ ನಡೆಯಲಿ. ಆದರೆ ಹಂಚುವಾಗ ಸಂಶಯವಾಗಿ ಕಂಡ ಹಣ ಒಬ್ಬನೇ ಇಟ್ಟುಕೊಳ್ಳುವಾಗ ನಿಸ್ಸಂಶಯವಾಗುವುದು ಹೇಗೆ?

ಇಲ್ಲಿ ಪೆಟ್ಟಿಗೆಯ ಆ ಎರಡು ವಸ್ತುಗಳನ್ನು ಹೋಲಿಸಿ ನೋಡಬೇಕು. ಬ್ಯಾಂಕಿನ ಗುಮಾಸ್ತ ಕೇಳುತ್ತಾನೆ: ವಾರಸುದಾರರು ಎಷ್ಟು ಮಂದಿ? ಅಕ್ಕ ಇದ್ದಾಳೆಯೇ? ಅವಳ ಸಹಿ ಎಲ್ಲಿ? ಆ ಕಾಗದಗಳ ಕಾಟಕ್ಕೆ ನಾವು ಗೊಣಗುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳಿಗೆ ಪಾಲಿದೆ ಎಂಬ ಮಾತು ಮೊದಲು ಎದ್ದದ್ದೇ ಆ ಕಾಗದಗಳಿಂದ. ವಾಲೆಟ್ ಏನನ್ನೂ ಕೇಳುವುದಿಲ್ಲ. ಗುಪ್ತಪದ ಸರಿಯಿದ್ದರೆ ಮಗನಿಗೂ ಕಳ್ಳನಿಗೂ ಒಂದೇ ರೀತಿ ತೆರೆದುಕೊಳ್ಳುತ್ತದೆ. ಅದು ಕೇಳದ ಪ್ರಶ್ನೆಯನ್ನು ತೆರೆದವನೇ ತನಗೆ ಕೇಳಿಕೊಳ್ಳಬೇಕು. ಸಾಕ್ಷಿಗಳ ಎದುರು ಪಾಲು ಕೊಡುವುದು ಕಾನೂನಿಗೆ ತಲೆಬಾಗಿದಂತೆ. ಯಾರೂ ಕಾಣದಲ್ಲಿ ಕೊಟ್ಟಾಗಲೇ ನಮ್ಮ ಈಮಾನಿನ ಲೆಕ್ಕ ಸಿಗುವುದು.

ಲೆಕ್ಕವೇನೂ ಕಷ್ಟದ್ದಲ್ಲ. ಮೃತನ ಸಾಲ, ತೆರಿಗೆ ಮೊದಲು ತೀರಬೇಕು. ವಸಿಯ್ಯತ್ ಇದ್ದರೆ ಮೂರನೇ ಒಂದರ ಮಿತಿಯೊಳಗೆ ಅದು. ತಂದೆ, ಅಜ್ಜ ಮೊದಲೇ ತೀರಿಹೋದ ಈ ಅವಿವಾಹಿತನ ಆಸ್ತಿಯನ್ನು 18 ಭಾಗ ಮಾಡಿದರೆ ತಾಯಿಗೆ 3, ತಮ್ಮನಿಗೆ 10, ಅಕ್ಕನಿಗೆ 5. ಕಾಗದದ ಮೇಲೆ ಬರೆದು ತೋರಿಸಿದೆವು. ತನಗೇ ಹೆಚ್ಚು ಬರುತ್ತದೆಂದು ಕಂಡಾಗ ಅವನು ತಲೆ ತಗ್ಗಿಸಿದ. ಆ ಐದು ಭಾಗವನ್ನು ಬಚ್ಚಿಡಲು ಅವನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದನೋ!

ತಪ್ಪೆಲ್ಲ ತಮ್ಮನದೇ ಎನ್ನುವಂತಿಲ್ಲ. ಅಣ್ಣ ಒಂದು ಮಾತು ಬರೆದಿಟ್ಟಿದ್ದರೆ ಈ ಪರೀಕ್ಷೆಯೇ ಬರುತ್ತಿರಲಿಲ್ಲ. ಡೈರಿ ಸಿಕ್ಕಿದ್ದೇ ಪುಣ್ಯ. ಬ್ರಿಟನ್ನಿನ ನ್ಯೂಪೋರ್ಟಿನಲ್ಲಿ ಒಬ್ಬರ ಸುಮಾರು 8000 ಬಿಟ್‌ಕಾಯಿನ್‌ಗಳ ಬೀಗದಕೈ ಇದ್ದ ಹಾರ್ಡ್‌ಡಿಸ್ಕ್ 2013ರಲ್ಲಿ ಕಸದ ರಾಶಿ ಸೇರಿತು. ಆ ರಾಶಿಯನ್ನು ಅಗೆಯಲು ಅನುಮತಿ ಕೇಳಿದ ಅವರ ದಾವೆಯನ್ನು ನ್ಯಾಯಾಲಯ 2025ರ ಜನವರಿಯಲ್ಲಿ ತಳ್ಳಿಹಾಕಿತು. ಕುರ್‌ಆನಿನ ಅತಿ ದೀರ್ಘ ಆಯತ್ ನಮಾಜಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲವನ್ನು ಬರೆದಿಡುವ, ಸಾಕ್ಷಿ ಇಡುವ ಬಗ್ಗೆ. ಇದನ್ನು ಓದುವ ನಾವು, ಹೆಂಡತಿಗೂ ತಿಳಿಯದ ಖಾತೆಗಳನ್ನು ಜಾಣತನವೆಂದು ತಿಳಿದಿದ್ದೇವೆ. ಮನೆಯವರಿಂದ ಹಣ ಕಾಪಾಡಿದೆವೆಂದು ಬೀಗುವವರು, ಕೊನೆಗೆ ಅದನ್ನು ಯಾರಿಗಾಗಿ ಕಾಪಾಡಿದರು?

ಯುವಕ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಎಂಟು ದಿನಗಳ ಮೇಲೆ ಫೋನು ಬಂತು. "ಆಪಾಗೆ ಹೇಳಿದೆ ಚಾಚಾ. ದುಡ್ಡಿನ ಮಾತನ್ನು ಅವಳು ಕೇಳಲೇ ಇಲ್ಲ. ಭಾಯಿಯ ಡೈರಿ ಓದಬೇಕು, ತಂದುಕೊಡು ಅಂದಳು."

ಆ ರಾತ್ರಿ ನಾವೂ ಒಂದು ಹಾಳೆ ತೆಗೆದುಕೊಂಡು ಕುಳಿತೆವು. ಎರಡು ಬ್ಯಾಂಕ್ ಖಾತೆ, ಒಂದು ವಿಮೆ, ಒಬ್ಬ ಮಿತ್ರರಿಗೆ ಕೊಡಬೇಕಾದ ಹಣ. ಎಲ್ಲವನ್ನೂ ಬರೆದು ಮನೆಯಾಕೆಯ ಕೈಗಿತ್ತೆವು. ಅವರು ಓದಿ ಕೇಳಿದರು: "ಈ ಸಾಲದ ವಿಷಯ ಇಷ್ಟು ದಿನ ಯಾಕೆ ಹೇಳಲಿಲ್ಲ?"

ನಮ್ಮಲ್ಲಿ ಉತ್ತರವಿರಲಿಲ್ಲ.